ಬಣ್ಣದ ಮನೆಯ ಕಬ್ಬಿಣದ ಕೋಲು

“ಗುರುಗಳೇ, ದುಡಿಯುವ ಜಾಗದಲ್ಲಿ ತನಗೆ ತೋಚಿದ್ದನ್ನು ಕೂಡಲೇ ಹೇಳುವವನು ಮುಂದೆ ಬರುತ್ತಾನೋ, ಸಮಯ ನೋಡಿ ಹೇಳುವವನು ಮುಂದೆ ಬರುತ್ತಾನೋ?” ಎಂದು ಶಿಷ್ಯ ಕೇಳಿದ.

ಅವನು ಪೇಟೆಯ ಅಚ್ಚುಕೂಟವೊಂದರಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದ. ಅಲ್ಲಿ ಒಂದು ದೋಷ ಅವನ ಕಣ್ಣಿಗೆ ಬಿದ್ದಿತ್ತು. ಸರಿಪಡಿಸುವ ದಾರಿಯೂ ಹೊಳೆದಿತ್ತು. ಹೇಳಿದರೆ ಮೇಲಿನವರು ಹೇಗೆ ತೆಗೆದುಕೊಳ್ಳುತ್ತಾರೋ ಎಂದು ಹಿಂಜರಿಯುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಮನೆಯಿತ್ತು. ಮಂಜಿಷ್ಠದ ಬೇರನ್ನು ಕುದಿಸಿ ಅವರು ತೆಗೆಯುತ್ತಿದ್ದ ಕೆಂಪಿಗೆ ದೂರದವರೆಗೂ ಹೆಸರಿತ್ತು. ಬಣ್ಣ ಹಿಡಿಯಲೆಂದು ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸುವುದು ಒಬ್ಬ ಮುದುಕನ ಕೆಲಸ. ಬಣ್ಣ ಕುದಿಯುವ ಮೂರು ತಾಮ್ರದ ಹಂಡೆಗಳನ್ನು ಕಲಕುತ್ತಿದ್ದವನು ನಡುವಯಸ್ಸಿನ ಒಬ್ಬ ಆಳು. ಕೊನೆಗೆ ಬಟ್ಟೆಯನ್ನು ಹೊಳೆಯಲ್ಲಿ ಜಾಲಿಸಿ ಒಣಹಾಕುತ್ತಿದ್ದವಳು ಒಬ್ಬ ಹೆಂಗಸು.

ಕಲಕುವ ಮರದ ಕೋಲುಗಳು ಮೇಲಿಂದ ಮೇಲೆ ಮುರಿಯುತ್ತಿದ್ದವು. ಯಜಮಾನ ತಾನೇ ಯೋಚಿಸಿ ಎರಡು ಕಬ್ಬಿಣದ ಕೋಲು ಮಾಡಿಸಿ ತಂದ. ಬಂದವರಿಗೆಲ್ಲ ಅವನ್ನು ತೋರಿಸಿ ಹಿಗ್ಗಿದ. ಕೆಲವೇ ವಾರಗಳಲ್ಲಿ ಕೆಂಪು ಮಂಕಾಗತೊಡಗಿತು. ಒಣಗಿದ ಮೇಲೆ ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು.

ಕಲಕುವವನಿಗೆ ಕಾರಣ ಬೇಗನೆ ತಿಳಿಯಿತು. ಮೂರನೆಯ ಹಂಡೆಗೆ ಇನ್ನೂ ಹಳೆಯ ಮರದ ಕೋಲೇ ಇತ್ತು. ಅದರ ಬಟ್ಟೆ ಎಂದಿನಂತೆ ಕೆಂಪಗೆ ಬರುತ್ತಿತ್ತು. ಆದರೆ ಕಬ್ಬಿಣದ ಕೋಲು ಯಜಮಾನನೇ ತಂದದ್ದು. ಅದನ್ನು ತಪ್ಪೆಂದರೆ ಅವನು ಮುನಿದಾನು. ಅದೂ ಅಲ್ಲದೆ, ಆಳುಗಳ ಮೇಲೆ ಕಣ್ಣಿಟ್ಟಿದ್ದ ಮೇಸ್ತ್ರಿ ವರ್ಷದ ಕೊನೆಗೆ ಕೆಲಸ ಬಿಡುವವನಿದ್ದ. ಆ ಜಾಗಕ್ಕೆ ಯಾರು ಎಂಬ ಮಾತು ಬಂದಾಗ ಇದನ್ನು ಹೇಳಿದರೆ ಜಾಗ ತನಗೇ ಸಿಕ್ಕೀತು ಎಂದು ಅವನಿಗೆ ಅನಿಸಿತು. ಕಾಯುವುದೇ ಸರಿ ಎಂದುಕೊಂಡ.

ಬಟ್ಟೆಗಳು ವಾಪಸು ಬರತೊಡಗಿದವು. ಯಾರದೋ ತಪ್ಪು ಇರಲೇಬೇಕಲ್ಲ. ಪಟಿಕದ ಹದ ಕೆಟ್ಟಿದೆ, ಮುದುಕನ ಕೈ ಮೊದಲಿನಂತಿಲ್ಲ ಎಂದು ಮೇಸ್ತ್ರಿ ಹೇಳಿದ. ಮೂವತ್ತು ವರ್ಷ ದುಡಿದವನನ್ನು ಯಜಮಾನ ಮನೆಗೆ ಕಳಿಸಿದ. ಕಲಕುವವನು ಬಾಗಿಲವರೆಗೆ ಹೋಗಿ ಮುದುಕನ ಗಂಟನ್ನು ಹೆಗಲಿಗೆ ಎತ್ತಿಕೊಟ್ಟ. ಇನ್ನು ನಾಲ್ಕೇ ತಿಂಗಳು, ಮೇಸ್ತ್ರಿಯಾದ ಮೇಲೆ ಇವನನ್ನು ತಾನೇ ಕರೆಸಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡ.

ಜಾಲಿಸುವ ಹೆಂಗಸು ಹಾಗೆ ಕಾಯುವವಳಲ್ಲ. ಹೊಳೆಯ ನೀರು ಕೆಟ್ಟಿರಬೇಕೆಂದು ಒಂದು ದಿನ ಎಲ್ಲರ ಮುಂದೆ ಹೇಳಿದಳು. ಬಾವಿಯ ನೀರಿನಲ್ಲಿ ಜಾಲಿಸಿ ನೋಡಿದರು, ಏನೂ ಬದಲಾಗಲಿಲ್ಲ. ಎಲ್ಲರೂ ನಕ್ಕರು, ಕಲಕುವವನೂ ನಕ್ಕ. ಕೆಲವು ತಿಂಗಳು ಕಳೆದು ಅವಳು ಮತ್ತೆ ಯಜಮಾನನ ಮುಂದೆ ಬಂದು ನಿಂತಳು.

“ಧಣಿ, ಮೂರನೇ ಹಂಡೆಯ ಬಟ್ಟೆ ಮಾತ್ರ ಕೆಡುವುದಿಲ್ಲ. ಅದಕ್ಕೊಂದಕ್ಕೇ ಮರದ ಕೋಲು. ಕಬ್ಬಿಣದ್ದನ್ನು ನಾಲ್ಕು ದಿನ ಬಿಟ್ಟು ನೋಡೋಣವೇ?”

ಯಜಮಾನನ ಮುಖ ಬಿಗಿದುಕೊಂಡಿತು. ಆದರೂ ಕಬ್ಬಿಣದ ಕೋಲುಗಳನ್ನು ತೆಗೆಸಿದ. ನಾಲ್ಕನೆಯ ದಿನ ಹಗ್ಗದ ಮೇಲಿದ್ದ ಬಟ್ಟೆಯೆಲ್ಲ ಹಳೆಯ ಕೆಂಪಿಗೆ ಬಂದಿತ್ತು. ವರ್ಷದ ಕೊನೆಗೆ ಮೇಸ್ತ್ರಿ ಬಿಟ್ಟ ಜಾಗವನ್ನು ಯಜಮಾನ ಅವಳಿಗೇ ಕೊಟ್ಟ.

ಕಲಕುವವನಿಗೆ ತಡೆಯಲಾಗಲಿಲ್ಲ. ಯಜಮಾನನ ಬಳಿ ಹೋಗಿ, ಇದೆಲ್ಲ ತನಗೆ ಮೊದಲ ತಿಂಗಳಿನಿಂದಲೇ ಗೊತ್ತಿತ್ತು ಎಂದ. ಅಷ್ಟು ಹೇಳಿದರೆ ತನ್ನ ಬುದ್ಧಿಗೆ ಬೆಲೆ ಬಂದೀತೆಂದು ಅವನು ನಂಬಿದ್ದ.

ಯಜಮಾನ, “ಮುದುಕ ಹೊರಟಾಗ ಗಂಟು ಎತ್ತಿಕೊಟ್ಟವನು ನೀನೇ ಅಲ್ಲವೇ? ನೀನೇ ಹೋಗಿ ಅವನನ್ನು ಕರೆದು ತಾ” ಎಂದ.

ಕಲಕುವವನು ಮುದುಕನ ಊರಿಗೆ ನಡೆದುಕೊಂಡೇ ಹೋದ. ದಾರಿಯಲ್ಲಿ ಏನೇನೋ ನೆಪ ಹೊಂದಿಸಿಕೊಂಡಿದ್ದ. ಮುದುಕನನ್ನು ಕಂಡಾಗ ಅವನ್ನೆಲ್ಲ ಬಿಟ್ಟು ನಡೆದದ್ದನ್ನು ನಡೆದಂತೆ ಹೇಳಿದ. ಮುದುಕ ಸಿಟ್ಟಾಗಲಿಲ್ಲ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

“ಇವೇ ಕೆಟ್ಟವು ಅಂತ ನಾನೂ ನಂಬಿಬಿಟ್ಟಿದ್ದೆ ಕಣಪ್ಪ” ಎಂದ.

ಮುದುಕ ಮರಳಿ ಕೆಲಸಕ್ಕೆ ಬರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, ಆ ಕಲಕುವವನು ಮುಂದೆ ಎಂದಾದರೂ ಮೇಸ್ತ್ರಿಯಾದನೇ ಎಂದು ಕೇಳಿದ.

ಗುರುಗಳು ಹೇಳಿದರು: “ನಿಮ್ಮ ಅಚ್ಚುಕೂಟದ ಆ ದೋಷಕ್ಕೆ ಈಗ ಯಾರು ಬೈಸಿಕೊಳ್ಳುತ್ತಿದ್ದಾರೆ?”

ಶಿಷ್ಯ ಬೈಸಿಕೊಳ್ಳುತ್ತಿದ್ದ ಜೊತೆಗಾರನ ಹೆಸರು ಹೇಳಿ, ಎದ್ದು ಅಚ್ಚುಕೂಟದ ದಾರಿ ಹಿಡಿದ.