ಸಂಕವ್ವನ ಕೈಗೆ ಬಂದ ಬೆತ್ತ

"ಅಧಿಕಾರ ಬಂದರೆ ಮನುಷ್ಯ ಬದಲಾಗ್ತಾನಂತೆ! ಕೆಲಸವಿಲ್ಲದವರು ಆಡೋ ಮಾತು. ನನ್ನನ್ನೇ ನೋಡಿ, ಗದ್ದುಗೆ ಏರಿ ಹನ್ನೆರಡು ವರ್ಷ ಆಯ್ತು. ಕೂದಲೆಳೆಯಷ್ಟಾದರೂ ಬದಲಾಗಿದ್ದೀನಾ?"

ಕಲ್ಲೇರಿಕೋಟೆಯ ಬೊಮ್ಮನಾಯಕರು ಹೀಗೆ ಕೇಳಿದ್ದೇ ತಡ, ಚಾವಡಿಯವರೆಲ್ಲ "ಇಲ್ಲ ಬುದ್ಧಿ, ಇಲ್ಲವೇ ಇಲ್ಲ" ಎಂದು ತಲೆಯಾಡಿಸಿದರು. ನಾಯಕರು ಆಕಳಿಸಿದರೂ ಆಹಾ ಅನ್ನುವ ಮಂದಿ ಅವರು, ಇನ್ನೇನು ಹೇಳಿಯಾರು! ಆಸ್ಥಾನದ ಚತುರ ಸೋವಣ್ಣ ಒಬ್ಬ ಮಾತ್ರ ಕಿವಿ ಕೆರೆದುಕೊಳ್ಳುತ್ತ ಕೂತಿದ್ದ.

"ಏನಯ್ಯಾ ಸೋವಣ್ಣ, ನಿನಗೇನೋ ತಕರಾರಿದೆ."

"ತಕರಾರಲ್ಲ ಬುದ್ಧಿ, ಒಂದು ಪರೀಕ್ಷೆ. ಊರಲ್ಲಿ ಯಾರು ಅತಿ ಸಾಧುವೋ ಅವನ ಕೈಗೆ ಹೆಬ್ಬಾಗಿಲಿನ ಬೆತ್ತ ಕೊಡಿ. ಮೂರು ದಿನ ಸಾಕು."

ಹೆಬ್ಬಾಗಿಲಿನ ಬೆತ್ತ ಅಂದರೆ ಸಾಮಾನ್ಯವಲ್ಲ. ಬೆಳ್ಳಿ ಗುಬುಟಿನ ಆ ಬೆತ್ತ ಯಾರ ಕೈಯಲ್ಲಿರುತ್ತೋ ಅವರ ಮಾತನ್ನು ಸ್ವತಃ ನಾಯಕರೂ ಮೀರಬಾರದು ಅಂತ ಬೊಮ್ಮನಾಯಕರ ಅಜ್ಜನೇ ಕಟ್ಟಳೆ ಮಾಡಿಟ್ಟಿದ್ದ.

"ಸೋತರೆ ನಿನ್ನ ಮೀಸೆ ಬೋಳಿಸ್ತೀನಿ. ಗೆದ್ದರೆ ಕೇಳಿದ್ದು ಕೊಡ್ತೀನಿ" ಎಂದರು ನಾಯಕರು.

ಹೂ ಕಟ್ಟುವ ಮುದ್ದಯ್ಯನನ್ನು ಕರೆಸಿದರು. ಕಂಬಕ್ಕೆ ತಲೆ ತಾಗಿದರೆ ಕಂಬಕ್ಕೇ "ತಪ್ಪಾಯ್ತಪ್ಪ" ಅನ್ನುವ ಪ್ರಾಣಿ ಅದು. ನಡುಗುತ್ತಾ ಬೆತ್ತ ಹಿಡಿದು ಬಾಗಿಲಿಗೆ ಹೋದ.

ಅದೇ ದಿನ ಮಜ್ಜಿಗೆ ಮಾರುವ ಸಂಕವ್ವನ ಎಮ್ಮೆ ಅರಮನೆಯ ತೋಟಕ್ಕೆ ನುಗ್ಗಿ ನಾಲ್ಕು ಕನಕಾಂಬರದ ಗಿಡ ಮೇಯ್ದಿತ್ತು. ಆಳುಗಳು ಅದನ್ನು ದೊಡ್ಡಿಗೆ ಹೊಡೆದರು. ನಾಯಕರು ಹೇಳದೆ ಬಿಡುವಂತಿಲ್ಲ. ಮನೆಯಲ್ಲಿ ಎಳೆಗರು ತಾಯಿಯ ಹಾಲಿಲ್ಲದೆ ಕಂಗಾಲಾಗಿತ್ತು. ಮುದುಕಿ ಬಂದು ಹೆಬ್ಬಾಗಿಲಲ್ಲಿ ನಿಂತಳು.

ಮೂರನೆಯ ದಿನ ಸೋವಣ್ಣ ನಾಯಕರನ್ನು ಹೆಬ್ಬಾಗಿಲಿನ ಮೇಲಿನ ಕಿಂಡಿಗೆ ಕರೆದುಕೊಂಡು ಹೋದ. ಕೆಳಗೆ ಮುದ್ದಯ್ಯ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಮೀಸೆಯನ್ನೂ ತಿರುವಿದ್ದ!

"ಏಯ್ ಮುದುಕಿ, ಸಾಲಲ್ಲಿ ನಿಲ್ಲು!"

"ಒಬ್ಬಳೇ ಇದೀನಲ್ಲೋ ಮುದ್ದಯ್ಯ. ಯಾರ ಹಿಂದೆ ನಿಲ್ಲಲಿ?"

"ಯಾರಾದರೂ ಬರೋ ತನಕ ಕಾದು ಅವರ ಹಿಂದೆ ನಿಲ್ಲು!"

"ಮೂರು ದಿನದಿಂದ ಇದೇ ಆಯ್ತಲ್ಲಪ್ಪ. ಕರು ಇವತ್ತು ಮೇಲಕ್ಕೇ ಏಳ್ತಿಲ್ಲ ಕಣೋ" ಎಂದು ಸಂಕವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾಯಕರು ಬಿದ್ದು ಬಿದ್ದು ನಕ್ಕರು. "ನೀನೇ ಗೆದ್ದೆ ಕಣಯ್ಯಾ! ಆದರೆ ಇವನು ನಿನ್ನೆ ಮೊನ್ನೆ ಬೆತ್ತ ಕಂಡವನು. ನನ್ನ ಮಾತೇ ಬೇರೆ. ಇರಲಿ, ಏನು ಬೇಕು ಕೇಳು."

"ಅರ್ಧ ಗಳಿಗೆ ಆ ಬೆತ್ತ ಸಂಕವ್ವನ ಕೈಲಿರಲಿ."

ಬೆತ್ತ ಕೈಗೆ ಬಂದಿದ್ದೇ ಸಂಕವ್ವನ ಬೆನ್ನು ನೆಟ್ಟಗಾಯಿತು. "ಏಳೋ ಮೇಲಕ್ಕೆ" ಎಂದು ಮುದ್ದಯ್ಯನನ್ನು ಎಬ್ಬಿಸಿ, ದಡದಡ ಚಾವಡಿಗೇ ನಡೆದಳು. ಎಲ್ಲರೂ ದಾರಿ ಬಿಟ್ಟರು.

ಅಷ್ಟರಲ್ಲಿ ಕೆಳಗಿಳಿದು ಬಂದು ಗದ್ದುಗೆಯಲ್ಲಿ ಕೂತಿದ್ದ ನಾಯಕರಿಗೆ ಇನ್ನೂ ನಗು. "ಸೋವಣ್ಣ, ಈಗಲಾದರೂ ಹೇಳು. ನಾನು ಬದಲಾಗಿದ್ದೀನಾ?"

"ಬರಿಗೈಯವನನ್ನು ಯಾಕೆ ಕೇಳ್ತೀರಿ ಬುದ್ಧಿ? ಬೆತ್ತ ಹಿಡಿದವರನ್ನು ಕೇಳಿ."

ನಾಯಕರು ಸಂಕವ್ವನ ಕಡೆ ತಿರುಗಿದರು. ಮುದುಕಿ ಒಮ್ಮೆ ಬೆತ್ತ ನೋಡಿಕೊಂಡಳು, ಒಮ್ಮೆ ಅವರ ಮುಖ ನೋಡಿದಳು.

"ಬೊಮ್ಮಾ, ಚಿಕ್ಕವನಿದ್ದಾಗ 'ಅತ್ತೆ, ಮಜ್ಜಿಗೆ' ಅಂತ ನನ್ನ ಮನೆಗೆ ಓಡಿ ಬರ್ತಿದ್ದೆ. ಒಂದು ದಿನ, ಒಂದೇ ಒಂದು ದಿನ, ನಿನ್ನನ್ನ ಬಾಗಿಲಲ್ಲಿ ಕಾಯಿಸಿದ್ದೀನಾ? ಮೂರು ದಿನ ನಿನ್ನ ಬಾಗಿಲಲ್ಲಿ ನಿಂತೆನಪ್ಪ ನಾನು. ಇವತ್ತೂ ಮೇಲಿಂದ ನೀನು ನಕ್ಕಿದ್ದು ಕೇಳಿಸ್ತು."

ನಾಯಕರ ಮುಖ ಸಪ್ಪಗಾಯಿತು. ನಾಚಿಕೆಯಿಂದ ಗದ್ದುಗೆ ಬಿಟ್ಟು ಎದ್ದು ನಿಂತರು.

"ತಪ್ಪಾಯ್ತು ಅತ್ತೆ. ಯಾರಲ್ಲಿ! ಸಂಕವ್ವನ ಎಮ್ಮೆ ಬಿಡ್ರೋ. ಇವತ್ತಿನಿಂದ ನನ್ನನ್ನ ನೋಡೋಕೆ ಬಂದವರ ಕೈಗೇ ಮೊದಲು ಬೆತ್ತ ಕೊಡಿ. ಸೋವಣ್ಣ, ನಿನ್ನ ಮೀಸೆಗೆ ಬೆಳ್ಳಿ ಬಾಚಣಿಗೆ ಮಾಡಿಸ್ತೀನಿ."

ಆಮೇಲೆ ನಗುತ್ತಾ ಕೈ ಚಾಚಿದರು. "ಎಲ್ಲಿ ಅತ್ತೆ, ಆ ಬೆತ್ತ ಇತ್ತ ಕೊಡು."

ಸಂಕವ್ವ ಬೆತ್ತವನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದುಕೊಂಡಳು. ಮುದ್ದಯ್ಯನ ಹಾಗೇ ಕಾಲಮೇಲೆ ಕಾಲು ಹಾಕಿ ಜಗಲಿಯ ಮೇಲೆ ಕೂತಳು.

"ಮೊದಲು ಎಮ್ಮೆ ಬರಲಿ. ಅಲ್ಲಿ ತನಕ ಸಾಲಲ್ಲಿ ನಿಲ್ಲು."