ಕೂಗಿಗಿಂತ ಮೊದಲು ಬಂದ ನೀರು

“ತಾಯಿ, ಬೆಳಿಗ್ಗೆ ಜಪಕ್ಕೆ ಕೂತಾಗ ಮನಸ್ಸು ನೆಟ್ಟಗಿರುತ್ತದೆ. ಅಡುಗೆಮನೆಗೆ ಕಾಲಿಟ್ಟರೆ ಮತ್ತೆ ಅದೇ ಕಟುಮಾತು. ಯಾಕೆ?” ಎಂದು ನೀಲವ್ವ ಕೇಳಿದಳು.

ಅವಳ ಮಾತು ತಾಳದೆ ತವರಿಗೆ ಹೋಗಿದ್ದ ಸೊಸೆ ನಾಳೆ ಕೂಸಿನೊಂದಿಗೆ ಮರಳುವವಳಿದ್ದಳು. ಇನ್ನೊಮ್ಮೆ ಹೋದರೆ ಬರಲಾರಳು. ಅದು ಗೊತ್ತಿದ್ದೇ ನೀಲವ್ವ ಮಠಕ್ಕೆ ಬಂದಿದ್ದಳು. ಕಟುಮಾತಿಗೆ ಹೆಸರಾಗಿದ್ದ ಅತ್ತೆಯಿಂದ ಬಂದ, ಸೊಂಟಕ್ಕೆ ಸಿಕ್ಕಿಸಿದ ಕೀಲಿಗೊಂಚಲನ್ನು ಬೆರಳಲ್ಲಿ ತಿರುವುತ್ತ ಕೂತಿದ್ದಳು.

ಮಠದ ತಾಯಿ ಒಂದು ಕತೆ ಹೇಳತೊಡಗಿದರು.

ಒಂದು ಅಣೆಕಟ್ಟು. ನೀರು ಬಿಡುವ ಮೊದಲು ಸೈರನ್ ಕೂಗಬೇಕು, ಕೆಳಗೆ ಬಟ್ಟೆ ಒಗೆಯುವವರು ದಡ ಹತ್ತಬೇಕು. ಸೈರನ್ನಿಗೊಂದು ಕಂಪ್ಯೂಟರು, ಗೇಟಿಗೊಂದು ಕಂಪ್ಯೂಟರು. ಎರಡೂ ತಮ್ಮ ತಮ್ಮ ಗಡಿಯಾರ ನೋಡಿ ಕೆಲಸ ಮಾಡುತ್ತಿದ್ದವು. ಒಂದು ದಿನ ನೀರು ಮೊದಲು ಬಂತು, ಕೂಗು ಆಮೇಲೆ ಬಂತು. ಬಟ್ಟೆ ತೇಲಿಹೋದವು. ಜನ ಹೇಗೋ ಉಳಿದರು.

ಒಬ್ಬ ಮೆಕ್ಯಾನಿಕ್ ಬಂದ. ಸೈರನ್ನಿನ ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿತ್ತು. ಸರಿಮಾಡಿದ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಹಿಂದೆ ಹೋಗಿತ್ತು. ಬ್ಯಾಟರಿ ಬದಲಿಸಿದ. ಆಗಲೂ ಹಾಗೇ. ಕೊನೆಗೆ ಅದರ ಮುಂದೆಯೇ ಕೂತ. ಯಾರೂ ಮುಟ್ಟಲಿಲ್ಲ. ಅವನ ಕಣ್ಣೆದುರೇ ಗಡಿಯಾರ ಹಿಂದಕ್ಕೆ ಜಿಗಿಯಿತು.

ಇದು ಬೇರೆ ಯಾರನ್ನೋ ಕೇಳಿ ಸಮಯ ಇಟ್ಟುಕೊಳ್ಳುತ್ತಿದೆ ಎಂದು ಅವನಿಗೆ ಹೊಳೆಯಿತು. ಗೇಟಿನದು ಹೊಸದು, ಅದು ಹೊರಗಿನ ಲೋಕವನ್ನು ಸಮಯ ಕೇಳುತ್ತಿತ್ತು. ಇದು ಯಾರನ್ನು? ತಂತಿಯ ಬೆನ್ನು ಹತ್ತಿ ಹೋದ. ತಂತಿ ಬೀಗ ಹಾಕಿದ ಕೋಣೆಯೊಂದನ್ನು ಹೊಕ್ಕಿತ್ತು. ಕಾವಲುಗಾರ ಮನಸ್ಸಿಲ್ಲದೆ ಬೀಗ ತೆಗೆದ. ಒಳಗೆ ಖಾಲಿ ಕುರ್ಚಿ, ಅದರ ಮೇಲೆ ಮಡಿಸಿದ ಶಾಲು. ಕುಂಕುಮ ಹಚ್ಚಿದ ಹಳೆಯ ಕಂಪ್ಯೂಟರು. ಬಾಡದ ಹೂ. ಉರಿಯುವ ದೀಪ. ಕಂಪ್ಯೂಟರು ಗುಂಯ್‌ಗುಡುತ್ತಿತ್ತು.

“ದೊಡ್ಡ ಸಾಹೇಬರದು. ಆಯುಧಪೂಜೆಯ ದಿನ ಇಲ್ಲಿ ಕೂತಲ್ಲೇ ಹೋದರು. ಅಂದಿನಿಂದ ಇದನ್ನು ಆರಿಸಿಲ್ಲ. ಅವರಿದ್ದಾಗ ಎಲ್ಲ ಕಂಪ್ಯೂಟರೂ ಇದನ್ನೇ ಕೇಳುತ್ತಿದ್ದವು” ಎಂದ ಕಾವಲುಗಾರ.

“ಸೈರನ್ನು ಈಗಲೂ ಇದನ್ನೇ ಕೇಳುತ್ತಿದೆಯಪ್ಪಾ. ಇದರ ಗಡಿಯಾರ ಹಿಂದೆ ಬಿದ್ದಿದೆ. ತಂತಿ ಕೀಳುತ್ತೇನೆ.”

“ಕೈ ಹಚ್ಚಿದರೆ ನೋಡು! ಸಾಹೇಬರು ಒಂದು ದಿನವೂ ಸುಳ್ಳಾಡಿದವರಲ್ಲ. ಹೋಗು, ನಿನ್ನ ಕೈಗಡಿಯಾರ ತಿದ್ದಿಕೋ.”

ಮೆಕ್ಯಾನಿಕ್ ವಾದ ಮಾಡಲಿಲ್ಲ. ಒಗೆಯುವವರನ್ನೆಲ್ಲ ಮೇಲೆ ಕಳಿಸಿ, ನೀರು ಬಿಡುವ ಹೊತ್ತಿಗೆ ಕಾವಲುಗಾರನನ್ನು ಹೊಳೆಯಂಚಿಗೆ ಕರೆದೊಯ್ದ. ಎಲ್ಲೆಡೆ ಮೌನ. ಹಕ್ಕಿಯೂ ಕೂಗಲಿಲ್ಲ. ತಣ್ಣನೆಯದೇನೋ ಕಾವಲುಗಾರನ ಮೊಣಕಾಲು ಹಿಡಿಯಿತು. ಇಬ್ಬರೂ ಏದುಸಿರು ಬಿಡುತ್ತ ದಡ ಹತ್ತಿದರು. ಹತ್ತಿ ನಿಂತ ಮೇಲೆ ಸೈರನ್ ಸಾವಕಾಶವಾಗಿ ಕೂಗತೊಡಗಿತು, ಇನ್ನು ನೀರು ಬರಲಿದೆ ಎಂದು.

ಕಾವಲುಗಾರ ಕೋಣೆಗೆ ಹೋದ. ದೀಪಕ್ಕೆ ಎಣ್ಣೆ ಹಾಕಿದ. ಕೈಮುಗಿದ. ತಂತಿಯನ್ನು ತಾನೇ ಕಿತ್ತ. ಮೆಕ್ಯಾನಿಕ್ ಸೈರನ್ನಿಗೂ ಹೊರಗಿನ ಲೋಕವನ್ನು ಕೇಳಲು ಕಲಿಸಿದ. ಮರುದಿನ ಕೂಗು ಮೊದಲು ಬಂತು.

ತಾಯಿ ಕತೆ ನಿಲ್ಲಿಸಿದರು.

“ನಮ್ಮ ಮನೆಯಲ್ಲಿ ಅಂಥ ಕೋಣೆ ಇಲ್ಲ ಬಿಡಿ, ತಾಯಿ” ಎಂದು ನೀಲವ್ವ ನಗಲು ನೋಡಿದಳು. ಸೊಂಟದ ಕೀಲಿಗಳು ಸದ್ದು ಮಾಡಿದವು.

ತಾಯಿ ಮೆಲ್ಲಗೆ ಕೇಳಿದರು: “ನಿಮ್ಮತ್ತೆ ಹೋಗಿ ಎಷ್ಟು ವರ್ಷವಾಯಿತು, ನೀಲವ್ವಾ?”

ಕೀಲಿಗಳ ಸದ್ದು ನಿಂತಿತು.