ಎದೆಮಟ್ಟದ ಸಲಿಕೆ

ಒಂದೂರಿನಲ್ಲಿ ಗದಿಗೆಪ್ಪ ಎಂಬ ಡ್ರಿಲ್ ಮಾಸ್ತರರು ಇದ್ದರು. ಮೂವತ್ತೊಂದು ವರ್ಷ ಅದೇ ಊರಿನ ಶಾಲೆಯಲ್ಲಿ ಸೀಟಿ ಊದಿ ನಿವೃತ್ತರಾದರು. ಸೀಟಿಯನ್ನು ಶಾಲೆಗೆ ಒಪ್ಪಿಸಿ ಬಂದರು, ಮಂಡಿನೋವನ್ನು ಮಾತ್ರ ತಾವೇ ಇಟ್ಟುಕೊಂಡರು. ಮಂಡಿಯ ಜೊತೆಗೆ ಬಲಗೈ ಮಣಿಕಟ್ಟು, ಹೆಬ್ಬೆರಳಿನ ಬುಡ, ಇವೂ ಸೇರಿಕೊಂಡವು. ಚಳಿಗಾಲದ ಬೆಳಿಗ್ಗೆ ಅವರು ನೀರಿನ ತಂಬಿಗೆ ಎತ್ತುವುದನ್ನು ನೋಡಿದರೆ ತುಂಬಿದ ಕೊಡ ಎತ್ತುತ್ತಿದ್ದಾರೇನೋ ಅನ್ನಿಸುತ್ತಿತ್ತು. ಆದರೆ ಯಾರು ಕೇಳಿದರೂ ಒಂದೇ ಉತ್ತರ: "ನನಗೇನಾಗೇತಿ? ಗುಂಡಕಲ್ಲ ಇದ್ದಂಗ ಅದೀನಿ." ಸಾವಿರಾರು ಮಕ್ಕಳಿಗೆ ಎದೆ ಸೆಟೆಸಿ ನಿಲ್ಲಿ ಎಂದು ಗದರಿದವರು ತಮಗೆ ಬಗ್ಗಲು ಆಗುವುದಿಲ್ಲ ಎಂದು ಯಾವ ಬಾಯಿಂದ ಹೇಳಬೇಕು?

ಆ ಶಾಲೆಗೊಂದು ಬಯಲಿತ್ತು. ಅದರ ಒಂದು ಮಗ್ಗುಲಲ್ಲಿ ಹೆಣ್ಣುಮಕ್ಕಳು ಬರಿಗಾಲಲ್ಲಿ ಖೋಖೋ ಆಡುತ್ತಿದ್ದರು. ಊರಿನ ಮದುವೆಗಳ ಶಾಮಿಯಾನ ಹಾಕುವುದೂ ಅದೇ ಬಯಲಿನಲ್ಲಿ. ಶಾಮಿಯಾನದವರು ಬಟ್ಟೆ ಬಿಚ್ಚಿಕೊಂಡು ಹೋಗುತ್ತಾರೆ, ಮೊಳೆಗಳನ್ನು ಯಾರು ಆರಿಸುತ್ತಾರೆ? ಒಂದು ದಿನ ಒಬ್ಬ ಹುಡುಗಿಯ ಅಂಗಾಲಿಗೆ ತುಕ್ಕು ಹಿಡಿದ ಮೊಳೆ ನಟ್ಟಿತು. ಮಾಸ್ತರರು ಅವತ್ತೇ ಮನಸ್ಸು ಮಾಡಿದರು. ಪಟ್ಟಣದಿಂದ ಒಂದು ಮೆಟಲ್ ಡಿಟೆಕ್ಟರ್ ತರಿಸಿದರು. ಕೋಲಿನಂಥ ಯಂತ್ರ, ನೆಲದ ಮೇಲೆ ಆಡಿಸಿದರೆ ಕಬ್ಬಿಣ ಇದ್ದಲ್ಲಿ ಕೂಗುತ್ತದೆ. ಊರವರು ಅದಕ್ಕೆ 'ಕೂಗೋ ಕೋಲು' ಎಂದು ಹೆಸರಿಟ್ಟರು.

ಕೂಗುವುದು ಕೋಲಿನ ಕೆಲಸ ಸರಿ, ಅಗೆಯುವುದು ಯಾರ ಕೆಲಸ? ಮಾಸ್ತರರು ಮೊದಲು ಗುದ್ದಲಿ ಹಿಡಿದರು. ಮೂರೇ ದಿನಕ್ಕೆ ಮಣಿಕಟ್ಟು ಬನ್ನಿನ ಹಾಗೆ ಊದಿತು. ಆಮೇಲೆ ಕಳೆ ತೆಗೆಯುವ ಕುರ್ಪಿ ಹಿಡಿದರು. ಕುರ್ಪಿ ಹಗುರ, ಆದರೆ ಅದಕ್ಕೆ ಕುಕ್ಕರುಗಾಲಲ್ಲಿ ಕೂರಬೇಕು. ಕೂತರು. ಏಳುವುದಕ್ಕೆ ಮಾತ್ರ ಖೋಖೋ ಕಂಬದವರೆಗೆ ಅಂಬೆಗಾಲಿಟ್ಟು ಹೋಗಿ ಅದನ್ನು ತಬ್ಬಿಕೊಂಡು ಎದ್ದರು. ಊಟದ ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಬಂದ ಹೆಂಡತಿ ನೀಲವ್ವ ಇದನ್ನು ಕಣ್ಣಾರೆ ನೋಡಿದರು.

"ಅಲ್ರಿ, ಮೊಳಿ ಕೀಳಾಕ ಹೋದವ್ರು ತಾವ ಮೊಳಿ ಆಗಿ ನೆಟ್ಟು ಕುಂತ್ರ, ನಿಮ್ಮನ್ನ ಕೀಳವ್ರು ಯಾರು?" ಎಂದರು.

ಆ ಮಾತು ನಾಟಿತು. ಮಾಸ್ತರರು ನೇರವಾಗಿ ಕಮ್ಮಾರ ಮೋನಪ್ಪನ ಕುಲುಮೆಗೆ ಹೋದರು. "ಮೋನಪ್ಪ, ನನಗೊಂದು ದೊಡ್ಡ ಗುದ್ದಲಿ ಬೇಕು. ಈಗಿಂದಕ್ಕಿಂತ ಎರಡು ಪಟ್ಟು ತೂಕದ್ದು. ಒಂದ ಏಟಿಗೆ ಮೊಳಿ ಮ್ಯಾಲೆ ಬರಬೇಕು."

ತೋಳಿನ ಬಲ ತಗ್ಗಿದರೆ ಸಲಕರಣೆಯ ತೂಕ ಹೆಚ್ಚಿಸಬೇಕು, ಇದು ಅವರ ಲೆಕ್ಕಾಚಾರ. ನಮ್ಮಲ್ಲಿ ಬಹಳ ಜನರ ಲೆಕ್ಕಾಚಾರವೂ ಇದೇ, ಸುಳ್ಳು ಯಾಕೆ ಹೇಳಲಿ.

ಮೋನಪ್ಪ ತಿದಿ ಒತ್ತುವುದನ್ನು ನಿಲ್ಲಿಸಿದ. "ಗುದ್ದಲಿ ಮಾತು ಇರ್ಲಿ ಬಿಡ್ರಿ. ನಿಮಗ ಎಲ್ಲೆಲ್ಲಿ ನೋಯತೈತಿ, ಅದನ್ನ ಹೇಳ್ರಿ."

"ನಾನೇನು ದವಾಖಾನಿಗೆ ಬಂದೇನೇನೋ?"

"ನೆಲದ ಸುದ್ದಿ ನನಗ ಗೊತ್ತೈತ್ರಿ. ಕೆಂಪು ಮಸಾರಿ ನೆಲ, ಅಡಿಯೊಳಗ ಗೊರಜುಗಲ್ಲು. ಗೊತ್ತಿಲ್ಲದ್ದು ನಿಮ್ಮ ಮೈ ಸುದ್ದಿ. ಅದು ಗೊತ್ತಾಗದ ನಾ ಏನು ಬಡೀಲಿ?"

ಮಾಸ್ತರರು ಅತ್ತಿತ್ತ ನೋಡಿದರು. ಕುಲುಮೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ, "ಮಂಡಿ ಮಡಚಾಕ ಆಗೂದಿಲ್ಲ. ಮುಷ್ಟಿ ಬಿಗಿ ಹಿಡಿದ್ರ ಹೆಬ್ಬೆರಳಾಗ ಚಳಕು ಹೊಡೀತೈತಿ. ಕೈ ಎತ್ತಿ ಬೀಸಿದ್ರ ಮಣಿಕಟ್ಟು ಸತ್ತು ಹೋಗತೈತಿ" ಎಂದರು. ಹೇಳಿದ ಮೇಲೆ ಅವರಿಗೇ ಆಶ್ಚರ್ಯ. ಆಕಾಶವೇನೂ ಕಳಚಿ ಬಿದ್ದಿರಲಿಲ್ಲ.

ಮೋನಪ್ಪ ಒಂದು ದಾರ ತೆಗೆದುಕೊಂಡು ನೆಲದಿಂದ ಅವರ ಎದೆಯವರೆಗೆ ಅಳೆದ. ಅಂಗೈ ಅಳೆದ. ಎಂಟು ದಿನಕ್ಕೆ ಒಂದು ಸಲಿಕೆ ಮಾಡಿಕೊಟ್ಟ. ಎದೆಮಟ್ಟದ ಬಿದಿರಿನ ಕಾವು, ಮುಷ್ಟಿ ಬಿಗಿಯದೆ ಹಿಡಿಯುವಷ್ಟು ದಪ್ಪಕ್ಕೆ ಅದರ ಮೇಲೆ ಹಳೆಯ ಸೈಕಲ್ ಟ್ಯೂಬು ಸುತ್ತಿತ್ತು. ಲಾರಿಯ ಸ್ಪ್ರಿಂಗ್ ಪಾಟಾದಿಂದ ಬಡಿದ ಮೂರು ಬೆರಳಗಲದ ಕಿರಿದಾದ ಅಲಗು. ಅಲಗಿನ ಭುಜದಲ್ಲಿ ಪಾದ ಇಡಲು ಒಂದು ಮೆಟ್ಟು. ಕೈ ಬೀಸುವುದೇ ಬೇಡ. ಕಾಲಿಟ್ಟು ಮೈಭಾರ ಬಿಟ್ಟರೆ ಅಲಗು ತಾನೇ ಇಳಿಯುತ್ತದೆ. ಕಾವಿನ ಇನ್ನೊಂದು ತುದಿಗೆ ಕೆಟ್ಟ ಸ್ಪೀಕರಿನ ಅಯಸ್ಕಾಂತ ಕೂರಿಸಿದ್ದ. ತಿರುಗಿಸಿ ಹಿಡಿದರೆ ಮೊಳೆ ಬಂದು ಅಂಟಿಕೊಳ್ಳುತ್ತಿತ್ತು, ಬಗ್ಗಿ ಎತ್ತುವ ಗೋಜಿಲ್ಲ.

"ಇದೇನೋ, ಸಣ್ಣ ಹುಡುಗರ ಆಟಿಗಿ ಇದ್ದಂಗೈತಿ."

"ಹೌದ್ರಿ ಮಾಸ್ತರ್ರ. ಆಡಿ ನೋಡ್ರಿ."

ಎರಡು ವರ್ಷ ಆಡಿದರು. ದಿನಕ್ಕೆ ಅರ್ಧ ತಾಸು, ಹೆಚ್ಚಿಲ್ಲ. ಎಣ್ಣೆಯ ಡಬ್ಬಿಗಳ ತುಂಬ ಮೊಳೆ ಸೇರಿತು. "ಏನ್ರಿ, ಬಂಗಾರ ಸಿಕ್ತೇನು?" ಎಂದು ದಾರಿಹೋಕರು ಚೇಷ್ಟೆ ಮಾಡುವರು, "ಬಂಗಾರದಂಥಾ ಮೊಳಿ ಸಿಕ್ಕಾವು" ಎಂದು ಇವರು ಮುಂದೆ ಸಾಗುವರು. ಬಯಲೆಲ್ಲ ಸ್ವಚ್ಛವಾಯಿತು. ಆದರೆ ಮೂಡಣ ಮೂಲೆಯ ಒಂದು ಜಾಗದಲ್ಲಿ ಕೋಲು ಆಳದಿಂದ ಗುನುಗುತ್ತಿತ್ತು. ಅದು ಮೊಳೆಯ ಕೂಗಲ್ಲ. ಅಷ್ಟು ಆಳದ್ದು ಯಾವ ಕಾಲಿಗೂ ಚುಚ್ಚುವುದಿಲ್ಲವೆಂದು ಮಾಸ್ತರರು ಅದನ್ನು ಬಿಟ್ಟುಬಿಟ್ಟಿದ್ದರು.

ಅಷ್ಟರಲ್ಲಿ ಪಕ್ಕದ ಹೊಲದ ರುದ್ರಗೌಡರು, ಬಯಲಿನ ಐದು ಗುಂಟೆ ತಮ್ಮದು ಎಂದು ಬೇಲಿ ಹಾಕಿದರು. ಐದು ಗುಂಟೆ ಎಂದರೆ ಖೋಖೋ ಅಂಗಳವೇ ಪೂರ್ತಿ. ಆ ವರ್ಷ ಹೆಣ್ಣುಮಕ್ಕಳ ತಂಡ ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಗಿತ್ತು. ಅಂಗಳ ಹೋದರೆ ಆಟವೂ ಹೋದಂತೆ. ಸರ್ವೆ ಮಾಡಲು ಒಬ್ಬ ಮೇಡಂ ಬಂದರು. ಹಳೆಯ ನಕಾಶೆ ಬಿಚ್ಚಿ, "ಮೂಡಣ ಮೂಲೆಯಲ್ಲಿ ಒಂದು ಬಾಂದುಕಲ್ಲು ಇದ್ದದ್ದು ನಿಜ. ಈಗ ಅದಿಲ್ಲ. ಅದರ ಗುರುತು ಸಿಕ್ಕರೆ ಅಲ್ಲಿಂದ ಅಳೆಯುತ್ತೇನೆ. ಮಧ್ಯಾಹ್ನದೊಳಗೆ ಸಿಗದಿದ್ದರೆ ಬೇಲಿ ಇದ್ದಲ್ಲೇ ಗಡಿ ಎಂದು ಬರೆಯಬೇಕಾಗುತ್ತದೆ" ಎಂದರು.

ಗಡಿಯ ಕಲ್ಲು ಅಂದಕೂಡಲೆ ಗುಂಪಿನಲ್ಲಿದ್ದ ಮೋನಪ್ಪನಿಗೆ ಏನೋ ನೆನಪಾಯಿತು. "ನಮ್ಮ ಮುತ್ಯಾ ಹೇಳತಿದ್ದ. ಬಾಂದುಕಲ್ಲು ನೆಡೂ ಮುಂದ ಕುಲುಮಿಯಿಂದ ಕಬ್ಬಿಣ ಕಾಸಿದಾಗ ಉಳಿಯೂ ಕಿಟ್ಟ ಒಂದು ಬುಟ್ಟಿ ಒಯ್ದು ಕುಣಿಯೊಳಗ ಸುರೀತಿದ್ರಂತ. ಕಲ್ಲು ಕಿತ್ತವನಿಗೆ ಕಿಟ್ಟದ ನೆನಪು ಇರೂದಿಲ್ಲ ಅಂತ."

ಮಾಸ್ತರರು ಮೂಡಣ ಮೂಲೆಯತ್ತ ತಿರುಗಿದರು. ಎರಡು ವರ್ಷದಿಂದ ಗುನುಗುತ್ತಿದ್ದದ್ದು ಅದೇ ಇರಬೇಕು. ಕೋಲು ತಂದು ಆಡಿಸಿದರು. ಬೇಲಿಯಾಚೆ, ಗೌಡರು ತಮ್ಮದೆಂದ ನೆಲದ ಆ ತುದಿಯಲ್ಲಿ, ಕೋಲು ಗುನುಗಿತು.

ಗೌಡರು ನಕ್ಕರು. "ಅಷ್ಟ ಅಲ್ಲೇನ್ರಿ? ನನ್ನ ಜೆಸಿಬಿ ಇಲ್ಲೇ ನಿಂತೈತಿ. ಎರಡು ಬುಟ್ಟಿ ಎತ್ತಿದ್ರ ಮುಗೀತು." ತರುಣರಿಗೆ ಅಷ್ಟೂ ತಡೆಯಲಾಗಲಿಲ್ಲ, ಒಬ್ಬ ಪಿಕಾಸಿ ತಂದು ಮಾಸ್ತರರ ಕೈಗಿಟ್ಟ. "ಗುಂಡಕಲ್ಲ ಇದ್ದಂಗ ಅದೀರಲ್ರಿ ಸರ್, ಮೊದಲನೇ ಏಟು ನಿಮ್ಮದ ಬೀಳ್ಲಿ."

ಊರೆಲ್ಲ ನೋಡುತ್ತಿತ್ತು. ಹಳೆಯ ವಿದ್ಯಾರ್ಥಿಗಳು ನೋಡುತ್ತಿದ್ದರು. ಮಾಸ್ತರರ ಕೈ ಪಿಕಾಸಿಯ ಕಾವಿನ ಮೇಲೆ ಒಂದು ಕ್ಷಣ ಬಿಗಿಯಿತು, ಹೆಬ್ಬೆರಳಿನಲ್ಲಿ ಚಳಕು ಹೊಡೆಯಿತು. ಅವರು ಪಿಕಾಸಿಯನ್ನು ಕೆಳಗಿಟ್ಟರು. ಮೂವತ್ತೊಂದು ವರ್ಷ 'ಸಾವಧಾನ್' ಎಂದು ಕೂಗಿದ ಅದೇ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನನಗ ಮಂಡಿ ನೋವು, ಕೈ ನೋವು. ಇದನ್ನ ಬೀಸಾಕ ನನ್ನ ಕಡೆ ಆಗೂದಿಲ್ಲ. ನನ್ನ ಸಲಕಿ ಕೊಡ್ರಿ."

"ಆ ಚಮಚ ತಗೊಂಡು ಯಾವಾಗ ಮುಟ್ಟತೀರಿ?" ಎಂದರು ಗೌಡರು.

ಮೇಡಂ ನಡುವೆ ಬಂದರು. "ನಿಧಾನವೇ ಒಳ್ಳೆಯದು ಗೌಡರೇ. ಜೆಸಿಬಿ ಎತ್ತಿ ಹಾಕಿದ ರಾಶಿಯಲ್ಲಿ ಕಿಟ್ಟ ಸಿಕ್ಕರೆ ಅದು ಎಲ್ಲಿಂದಲೋ ಬಂದದ್ದು ಎಂದು ನೀವೇ ನಾಳೆ ತಕರಾರು ತೆಗೆಯುತ್ತೀರಿ. ನನಗೆ ಅದು ಕೂತ ಜಾಗದಲ್ಲೇ ಕೂತಿರುವುದು ಕಾಣಬೇಕು."

ಮಾಸ್ತರರು ಮೆಟ್ಟಿನ ಮೇಲೆ ಪಾದ ಇಟ್ಟರು, ಮೈಭಾರ ಬಿಟ್ಟರು. ಒಂದು ಹೆಂಟೆ ಪಕ್ಕಕ್ಕೆ ಹೋಯಿತು. ಇನ್ನೊಂದು. ನಡುವೆ ನಿಂತು ನೀರು ಕುಡಿದರು, ಯಾರಿಗೂ ನಾಚಿಕೊಳ್ಳಲಿಲ್ಲ. ಮೊಳದಾಳಕ್ಕೆ ಹೋದಾಗ ಅಲಗು ಕರಕ್ ಎಂದಿತು. ಅಲ್ಲಿಂದ ಮುಂದೆ ಅಲಗಿನ ತುದಿಯಿಂದ ಬರೀ ಸವರಿದರು. ಕೆಂಪು ಮಣ್ಣಿನ ನಡುವೆ ಕಪ್ಪಗೆ, ತಟ್ಟೆಯಲ್ಲಿ ಹಾಕಿಟ್ಟ ಹಾಗೆ ಕಿಟ್ಟ ಕಂಡಿತು. ಅದರ ನಟ್ಟನಡುವೆ ಕಲ್ಲಿನ ಬುಡ ಕೂತಿದ್ದ ಚೌಕದ ಅಚ್ಚು, ನಾಲ್ಕೂ ಮೂಲೆ ಒಂದಿಷ್ಟೂ ಕೆಟ್ಟಿರಲಿಲ್ಲ. ಮಾಸ್ತರರು ಸಲಿಕೆಯನ್ನು ತಿರುಗಿಸಿ ಅಯಸ್ಕಾಂತದ ತುದಿ ಮುಟ್ಟಿಸಿದರು. ಒಂದು ಕಪ್ಪು ಚೂರು ಬಂದು ಅಂಟಿತು. ಮೇಡಂ ಕೈಗಡಿಯಾರ ನೋಡಿಕೊಂಡರು. ಹನ್ನೊಂದೂ ಮುಕ್ಕಾಲು.

ಅಲ್ಲಿಂದ ಅಳೆದರು. ಐದು ಗುಂಟೆಯೂ ಶಾಲೆಯದೇ ಆಯಿತು. ಸೀಟಿ, ಚಪ್ಪಾಳೆ, ಕೇಕೆ ಎಲ್ಲ ಸೇರಿದ ಸದ್ದಿಗೆ ಹೊಲದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಮೊಳೆ ನಟ್ಟಿದ್ದ ಆ ಹುಡುಗಿ ಈಗ ತಂಡದ ನಾಯಕಿ. ಅವಳೇ ಮೊದಲು ಬೇಲಿಯ ಗೂಟ ಕಿತ್ತಳು.

ಸಂಜೆ ಗೌಡರ ಟ್ರ್ಯಾಕ್ಟರು ಬಂತು. ಅದರಲ್ಲಿ ಒಂದು ಚೌಕದ ಕಲ್ಲು. ಗೌಡರು ಇಳಿದು, "ನಮ್ಮ ಹಿತ್ತಲದಾಗ ಅವ್ವ ಇದರ ಮ್ಯಾಲೆ ಅರಿವಿ ಒಗೀತಿದ್ದಳು. ನಾ ಹುಟ್ಟೂಕಿಂತ ಮೊದಲ ಬಂದಿದ್ದಂತ. ತಿರುವಿ ನೋಡಿದ್ರ ತಳದಾಗ ಕಿಟ್ಟ ಅಂಟೈತಿ" ಎಂದರು. ಕಲ್ಲನ್ನು ಕುಣಿಗೆ ಇಳಿಸಿದರು. ಅಚ್ಚಿನಲ್ಲಿ ಅದು ಕೂತ ಪರಿಗೆ ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಗೌಡರು ಕೈಯ ಮಣ್ಣು ಕೊಡವಿಕೊಂಡು, ಮೆಲ್ಲಗೆ ಮೋನಪ್ಪನ ಹತ್ತಿರ ಬಂದರು. "ನನಗೂ ಒಂದು ಅಂಥಾ ಸಲಕಿ ಮಾಡಿಕೊಡೋ. ಹೊಲದಾಗ ಬಗ್ಗಾಕ ಆಗವಲ್ದು."

ಮೋನಪ್ಪ ಸೊಂಟದಿಂದ ದಾರ ತೆಗೆದ. "ಮಾಡೂಣ್ರಿ. ಎಲ್ಲೆಲ್ಲಿ ನೋಯತೈತಿ, ಮೊದಲ ಅದನ್ನ ಹೇಳ್ರಿ."

ನೀತಿ: ಸಲಕರಣೆ ಆರಿಸುವಾಗ ನೆಲ ಎಷ್ಟು ಗಟ್ಟಿ ಎಂದು ನೋಡಿದರೆ ಸಾಲದು, ನಮ್ಮ ಮೈ ಏನು ಹೇಳುತ್ತಿದೆ ಎಂದೂ ಕೇಳಬೇಕು. ನೋವನ್ನು ಮುಚ್ಚಿಟ್ಟವನ ಕೈಗೆ ಭಾರದ ಸಲಕರಣೆ ಬರುತ್ತದೆ, ಒಪ್ಪಿಕೊಂಡವನ ಕೈಗೆ ಸರಿಯಾದದ್ದು ಬರುತ್ತದೆ. ಸರಿಯಾದದ್ದು ಕೈಯಲ್ಲಿದ್ದರೆ ನಿಧಾನವಾಗಿ ಅಗೆದವನೂ ಹೊತ್ತಿಗೆ ಮುಂಚೆಯೇ ಗೆಲ್ಲುತ್ತಾನೆ.